ಹುಮನಾಬಾದ್ ಟೇಶನ್: ಅರವತ್ತು ಕಿಲೋಮೀಟರಿಗೆ 146 ವರ್ಷ

ನಮ್ಮ ಮುತ್ಯಾನ ಒಂದು ಕಥೆ ಮನೆಯ ಪ್ರತಿ ಮದುವೆಯಲ್ಲೂ ಒಮ್ಮೆ ಬಂದೇ ಬರುತ್ತದೆ. ಹುಡುಗನಿದ್ದಾಗ ಆತ ಮುಕಾದಮನ ಹಿಂದೆ ಮುಂಬೈಗೆ ಮಣ್ಣು ಹೊರುವ ಕೆಲಸಕ್ಕೆ ಹೋಗಿದ್ದ. ದೀಪಾವಳಿಗೆ ಒಬ್ಬನೇ ಊರಿಗೆ ಹೊರಟ. ಬರುವಾಗ ಮುಕಾದಮ ಟಿಕೆಟ್ ತೆಗೆದಿದ್ದರಿಂದ ಇವನಿಗೆ ಏನೂ ಗೊತ್ತಿರಲಿಲ್ಲ. "ನಿನ್ನ ಊರಿನ ಹೆಸರು ಹೇಳು, ಅವರೇ ಕೊಡ್ತಾರ" ಎಂದು ಯಾರೋ ಹೇಳಿದರಂತೆ. ನಮ್ಮ ಹಳ್ಳಿಯ ಹೆಸರು ಮುಂಬೈಯಲ್ಲಿ ಯಾರಿಗೆ ಗೊತ್ತಿರುತ್ತದೆ? ಹತ್ತಿರದ ದೊಡ್ಡ ಊರು ಕಲ್ಯಾಣ. ಕೌಂಟರಿನಲ್ಲಿ "ಕಲ್ಯಾಣಕ್ಕ ಒಂದು ಟಿಕೀಟು" ಎಂದ. ಕೊಟ್ಟರು. ಗಾಡಿ ಹತ್ತಿದ, ಗಂಟೆಯೊಂದು ಕಳೆಯುವುದರೊಳಗೆ ಜನರೆಲ್ಲ "ಕಲ್ಯಾಣ್, ಕಲ್ಯಾಣ್" ಎಂದು ಎದ್ದರು. ಇಷ್ಟು ಬೇಗ ಊರು ಬಂತೇ ಎಂದು ಗಂಟು ಹೊತ್ತು ಇಳಿದ. ಇಳಿದು ನೋಡಿದರೆ ಕೋಟೆಯೂ ಇಲ್ಲ, ಬಸವಣ್ಣನ ಗುಡಿಯೂ ಇಲ್ಲ. ಮುಂಬೈ ಲೋಕಲ್ ರೈಲಿನ ಕಲ್ಯಾಣ್ ಜಂಕ್ಷನ್ನಿನಲ್ಲಿ ನಿಂತಿದ್ದ.

ಕಥೆ ಮುಗಿಸುವಾಗ ಮುತ್ಯಾ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ನಮ್ಮ ಕಲ್ಯಾಣಕ್ಕ ಟೇಶನ್ ಇಲ್ಲ, ಟೇಶನ್ ಇದ್ದ ಕಲ್ಯಾಣಕ್ಕ ಬಸವಣ್ಣ ಇಲ್ಲ."

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಪತ್ರಿಕೋದ್ಯಮ ಓದಲು ಕಲಬುರಗಿಗೆ ಸೇರಿದ ಮೇಲೆ ಆ ಮಾತಿನ ಮೊದಲರ್ಧ ತಲೆಯಲ್ಲಿ ಕೂತಿತು. ನಮ್ಮ ಕಡೆ ಟೇಶನ್ ಯಾಕೆ ಇರಲಿಲ್ಲ? ಇಂದು ಹುಮನಾಬಾದಿನಲ್ಲಿ ಒಂದು ಪುಟ್ಟ ನಿಲ್ದಾಣವಿದೆ. ಬೆಳಿಗ್ಗೆ ಕಾಲೇಜಿಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುವವರು ಅಲ್ಲಿ ಡೆಮು ಗಾಡಿ ಕಾಯುತ್ತಾರೆ. ಆ ನಿಲ್ದಾಣಕ್ಕೆ ಇನ್ನೂ ಎಳೆಯ ವಯಸ್ಸು. ಆದರೆ ನಿಲ್ದಾಣ ಇಲ್ಲದೆ ಕಳೆದ ಕಾಲಕ್ಕೂ ಒಂದು ಇತಿಹಾಸವಿದೆ, ಅದು ಬಹಳ ಉದ್ದದ್ದು. ಆ ಇತಿಹಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಂದರುಗಳ ನಡುವಿನ ಹಳಿ

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬೈಯ ಬೋರಿ ಬಂದರಿನಿಂದ ಠಾಣೆಗೆ ಓಡಿತು. ಮುತ್ಯಾ ಇಳಿದ ಆ ಕಲ್ಯಾಣಕ್ಕೆ ಮರುವರ್ಷವೇ, 1854ರಲ್ಲಿ ಹಳಿ ಮುಟ್ಟಿತು. ಅಲ್ಲಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯವರು ಘಟ್ಟ ಹತ್ತಿ, ಪುಣೆ ದಾಟಿ 1860ರಲ್ಲಿ ಸೊಲ್ಲಾಪುರಕ್ಕೆ ಬಂದರು. ಮುಂದೆ ಕಲಬುರಗಿ, ವಾಡಿ, ಕೃಷ್ಣಾ ದಾಟಿ ರಾಯಚೂರು. ಮದ್ರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಇದಕ್ಕೆ ಕೂಡಿತು.

ಈ ದಾರಿಯನ್ನು ನಕಾಶೆಯಲ್ಲಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಸೊಲ್ಲಾಪುರ ದಾಟಿದ ಮೇಲೆ ಹಳಿ ಬಹುಪಾಲು ನಿಜಾಮರ ಸೀಮೆಯೊಳಗೇ ಸಾಗುತ್ತದೆ. ಆದರೆ ನಿಜಾಮರ ಊರುಗಳನ್ನು ಕೂಡಿಸುವುದು ಅದರ ಉದ್ದೇಶವಾಗಿರಲಿಲ್ಲ. ಬ್ರಿಟಿಷರಿಗೆ ಬೇಕಾಗಿದ್ದು ಮುಂಬೈ ಮತ್ತು ಮದ್ರಾಸ್ ಬಂದರುಗಳ ನಡುವಿನ ಸಂಪರ್ಕ. ದಂಡು ಬೇಗ ಸಾಗಬೇಕು, ಹತ್ತಿ ಬಂದರು ಮುಟ್ಟಬೇಕು. 1860ರ ದಶಕದಲ್ಲಿ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ದಖನ್ನಿನ ಎರೆಭೂಮಿಯ ಹತ್ತಿಗೆ ಬೆಲೆ ಬಂದಿತ್ತು. ಕಲಬುರಗಿಗೆ ರೈಲು ಸಿಕ್ಕಿದ್ದು ಅದು ಆ ದಾರಿಯಲ್ಲಿ ಇದ್ದುದರಿಂದ.

ಹುಮನಾಬಾದ್ ಆ ದಾರಿಯಲ್ಲಿ ಇರಲಿಲ್ಲ. ಕಲಬುರಗಿಯಿಂದ ಉತ್ತರಕ್ಕೆ ಸುಮಾರು ಅರವತ್ತು ಕಿಲೋಮೀಟರ್ ದೂರ, ನಡುವೆ ಗುಡ್ಡಗಳ ಸಾಲು. ಹುಮನಾಬಾದ್ ಸಮುದ್ರ ಮಟ್ಟಕ್ಕಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಕಲಬುರಗಿ ಸುಮಾರು ನಾನೂರೈವತ್ತು ಮೀಟರಿನಲ್ಲಿದೆ. ಎತ್ತಿನ ಗಾಡಿಯವರಿಗೆ ಆ ಇಳಿಜಾರು ಒಂದು ದಿನದ ಕಷ್ಟ. ರೈಲಿನ ಎಂಜಿನಿಯರನಿಗೆ ಅದು ಕೋಟಿಗಟ್ಟಲೆ ಖರ್ಚು.

ನಿಜಾಮರ ಸರಕಾರಕ್ಕೂ ರೈಲು ಬೇಕಿತ್ತು. ದಿವಾನ ಸಾಲಾರ್ ಜಂಗರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಹೈದರಾಬಾದ್-ಸಿಕಂದರಾಬಾದಿಗೆ ಹಳಿ ಹಾಕಿಸಿದರು. ಸಿಕಂದರಾಬಾದ್ ಬ್ರಿಟಿಷ್ ದಂಡಿನ ನೆಲೆ. ರಾಜಧಾನಿ ಮುಂಬೈಗೆ ಕೂಡಿತು, ದಂಡಿಗೂ ದಾರಿಯಾಯಿತು. ನಮ್ಮ ತಾಲೂಕುಗಳು ಮತ್ತೊಮ್ಮೆ ಹಳಿಯ ಉತ್ತರಕ್ಕೇ ಉಳಿದವು.

ಹಾಗೆಂದು ಹುಮನಾಬಾದ್ ಮೂಲೆಯ ಊರಾಗಿರಲಿಲ್ಲ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹಾದಿಯೂ ಬೀದರದಿಂದ ಕಲಬುರಗಿಗೆ ಇಳಿಯುವ ಹಾದಿಯೂ ಇಲ್ಲೇ ಒಂದನ್ನೊಂದು ದಾಟುತ್ತವೆ. ವೀರಭದ್ರೇಶ್ವರ ಜಾತ್ರೆಗೆ ಸುತ್ತಿನ ಹಳ್ಳಿಗಳೆಲ್ಲ ಬಂದು ಸೇರುತ್ತವೆ. ಪಕ್ಕದ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಯಾದ ಮಾಣಿಕ ಪ್ರಭುಗಳ ಸಂಸ್ಥಾನಕ್ಕೆ ಮರಾಠಿ, ತೆಲುಗು, ಕನ್ನಡ ಮಾತಾಡುವ ಭಕ್ತರು ಬರುತ್ತಾರೆ. ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಚಾಲುಕ್ಯರು ಆಳಿದ, ಶರಣರು ಕೂಡಿದ ಕಲ್ಯಾಣ. ಜನ ಓಡಾಡುತ್ತಲೇ ಇದ್ದರು. ಆದರೆ ಹಳಿ ಎಲ್ಲಿ ಬೀಳಬೇಕೆಂದು ನಿರ್ಧರಿಸುವವರು ಆ ಓಡಾಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಲ್ಲ ಹಳಿಯೂ ಹೈದರಾಬಾದಿಗೆ

ಎರಡನೆಯ ಅವಕಾಶ ಬಂದದ್ದು 1930ರ ದಶಕದ ಆರಂಭದಲ್ಲಿ. 1930ರಲ್ಲಿ ನಿಜಾಮ ಸರಕಾರ ಕಂಪನಿಯ ಕೈಯಲ್ಲಿದ್ದ ರೈಲ್ವೆಯನ್ನು ತಾನೇ ಕೊಂಡಿತು. ಅದೇ ಸುಮಾರಿಗೆ ವಿಕಾರಾಬಾದಿನಿಂದ ಜಹೀರಾಬಾದ್ ಮೇಲೆ ಬೀದರಕ್ಕೆ, ಅಲ್ಲಿಂದ ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿ ವೈಜನಾಥಕ್ಕೆ ಹಳಿ ಬಿತ್ತು. ಬೀದರ ಜಿಲ್ಲೆಗೆ ರೈಲು ಬಂತು. ಆದರೆ ಅದು ಜಿಲ್ಲೆಯ ಉತ್ತರದ ಸೆರಗು ಹಿಡಿದು ಹೋಯಿತು. ಈಗ ಹುಮನಾಬಾದಿನ ದಕ್ಷಿಣಕ್ಕೂ ಹಳಿ, ಉತ್ತರಕ್ಕೂ ಹಳಿ. ನಡುವೆ ನೂರು ಕಿಲೋಮೀಟರಿನ ಖಾಲಿ ಜಾಗ.

ಈ ಹೊಸ ಹಳಿಯ ಮುಖ ಎತ್ತ ಇತ್ತೆಂಬುದು ಮುಖ್ಯ. ಬೀದರದಲ್ಲಿ ಗಾಡಿ ಹತ್ತಿದರೆ ವಿಕಾರಾಬಾದ್, ವಿಕಾರಾಬಾದಿನಿಂದ ಹೈದರಾಬಾದ್. ರಾಜ್ಯ ಒಂದೇ, ರಾಜಧಾನಿ ಒಂದೇ ಇದ್ದಾಗ ಅದು ಸಹಜ. ಕಾಳು ಕಡಿ ಅಲ್ಲಿಗೆ ಹೋಗಬೇಕು, ಹುಕುಂ ಅಲ್ಲಿಂದ ಬರಬೇಕು. ಬೀದರದಿಂದ ಗುಲ್ಬರ್ಗಾಕ್ಕೆ ಹೋಗುವ ಅಗತ್ಯ ಸರಕಾರಕ್ಕೆ ಕಾಣಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಬೆಳವಣಿಗೆ ನಡೆಯಿತು. 1932ರಲ್ಲಿ ನಿಜಾಮರ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸುಗಳನ್ನು ಓಡಿಸಲು ಶುರು ಮಾಡಿತು. ಹಳಿ ಹೋಗದ ಕಡೆ ಬಸ್ಸು ಕಳಿಸಿ ಜನರನ್ನು ಹಳಿಯ ಹತ್ತಿರಕ್ಕೆ ತರುವುದು ಅದರ ಯೋಚನೆ. ನಮ್ಮ ಭಾಗದ ಸರಕಾರಿ ಬಸ್ಸಿನ ವಂಶ ಹುಡುಕಿದರೆ ಮೂಲಪುರುಷ ರೈಲ್ವೆಯೇ! ಆದರೆ ಬಸ್ಸು ಚೆನ್ನಾಗಿ ಓಡತೊಡಗಿದಂತೆ, ಹಳಿ ಯಾಕೆ ಬೇಕು ಎಂಬ ಪ್ರಶ್ನೆಗೂ ಒಂದು ಉತ್ತರ ಸಿಕ್ಕಂತಾಯಿತು. ಹುಮನಾಬಾದ್ ರಸ್ತೆಯ ಊರಾಗಿ ಗಟ್ಟಿಯಾಯಿತು.

ರಸ್ತೆಯ ಊರಾಗಿದ್ದರಿಂದಲೇ 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯನ್ನೂ ಅದು ಮೊದಲು ಕಂಡಿತು. ಪೊಲೀಸ್ ಕಾರ್ಯಾಚರಣೆಯ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದಿನತ್ತ ಸಾಗಿತು. ನಮ್ಮ ಕಡೆಯ ಹಿರಿಯರು ಇಂದಿಗೂ ಸ್ವಾತಂತ್ರ್ಯ ಎಂದರೆ ಆಗಸ್ಟ್ 15ನ್ನಲ್ಲ, ಸೆಪ್ಟೆಂಬರ್ 17ನ್ನು ಮೊದಲು ನೆನೆಯುತ್ತಾರೆ. ಅವರ ಪಾಲಿಗೆ ಸ್ವಾತಂತ್ರ್ಯ ಡಾಂಬರು ರಸ್ತೆಯ ಮೇಲೆ ಬಂತು.

ಗಡಿ ಬದಲಾಯಿತು, ಹಳಿ ಬದಲಾಗಲಿಲ್ಲ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಹಳೆಯ ಬೀದರ ಜಿಲ್ಲೆಯೇ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಕಡೆಯವು ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಕಲ್ಯಾಣಿ ಎಂದು ಕಾಗದಪತ್ರಗಳಲ್ಲಿದ್ದ ಊರು ಬಸವಕಲ್ಯಾಣವಾಯಿತು.

ಈಗ ಬೀದರದವರಿಗೆ ರಾಜಧಾನಿ ಬೆಂಗಳೂರು, ವಿಭಾಗ ಕೇಂದ್ರ ಗುಲ್ಬರ್ಗಾ. ಕಡತ ಅಲ್ಲಿಗೆ ಹೋಗಬೇಕು, ಜನರೂ ಅಲ್ಲಿಗೇ ಹೋಗಬೇಕು. ಆದರೆ ಕಬ್ಬಿಣದ ಹಳಿಗೆ ರಾಜ್ಯ ಪುನರ್ವಿಂಗಡಣೆ ಗೊತ್ತಾಗುವುದಿಲ್ಲ. ಅದು ಎಂದಿನಂತೆ ಹೈದರಾಬಾದಿನ ಕಡೆಗೇ ಮುಖ ಮಾಡಿ ಮಲಗಿತ್ತು. ಬೀದರದಿಂದ ಗುಲ್ಬರ್ಗಾಕ್ಕೆ ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದವನು ಪೂರ್ವಕ್ಕೆ ವಿಕಾರಾಬಾದಿಗೆ ಹೋಗಿ, ಗಾಡಿ ಬದಲಿಸಿ, ಪಶ್ಚಿಮಕ್ಕೆ ತಿರುಗಿ ತಾಂಡೂರು, ವಾಡಿ ದಾಟಿ ಬರಬೇಕು. ಇನ್ನೂರು ಕಿಲೋಮೀಟರಿಗೂ ಮೇಲಿನ ಸುತ್ತು, ಅದೂ ಬೇರೆ ರಾಜ್ಯದೊಳಗೆ. ನೇರ ದಾರಿ ಅದರ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಯಾರೂ ರೈಲಿನಲ್ಲಿ ಹೋಗುತ್ತಿರಲಿಲ್ಲ. ಯಾರೂ ಹೋಗದ್ದರಿಂದ "ಈ ಮಾರ್ಗದಲ್ಲಿ ಪ್ರಯಾಣಿಕರಿಲ್ಲ" ಎಂದು ಹೇಳುವುದೂ ಸುಲಭವಾಯಿತು.

ಅಗತ್ಯ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಶುರುವಾಯಿತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು. ದೊಡ್ಡ ಆಸ್ಪತ್ರೆಗಳು ಬಂದವು. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಕಲಬುರಗಿ ಬಸ್ಸಿಗೆ ಕರವಸ್ತ್ರ ಎಸೆದು ಸೀಟು ಹಿಡಿಯುವ ಆಟ ನಮ್ಮ ತಲೆಮಾರಿನ ಎಲ್ಲರಿಗೂ ಗೊತ್ತು. ಸೀಟು ಸಿಗದಿದ್ದರೆ ಕ್ರೂಸರ್, ಅದೂ ಇಲ್ಲದಿದ್ದರೆ ಲಾರಿಯ ಕ್ಯಾಬಿನ್.

370 ಕೋಟಿ ಹೇಗೆ 1,542 ಕೋಟಿಯಾಯಿತು

ಬೀದರ-ಕಲಬುರಗಿ ನೇರ ಮಾರ್ಗ ಕೊನೆಗೂ ಮಂಜೂರಾದದ್ದು 1990ರ ದಶಕದ ಕೊನೆಯ ವರ್ಷಗಳಲ್ಲಿ. ಉದ್ದ 110 ಕಿಲೋಮೀಟರ್. ಅಂದಾಜು ಖರ್ಚು ಸುಮಾರು 370 ಕೋಟಿ ರೂಪಾಯಿ. ಬೀದರ ಹತ್ತಿರದ ಖಾನಾಪುರದಲ್ಲಿ ಹಳೆಯ ಪರಳಿ ಮಾರ್ಗದಿಂದ ಕವಲೊಡೆದು, ಹಳ್ಳಿಖೇಡ, ಹುಮನಾಬಾದ್, ಕಮಲಾಪುರದ ಮೇಲೆ ಕಲಬುರಗಿ ಸೇರಬೇಕು.

ಮುಗಿಯುವ ಹೊತ್ತಿಗೆ ಖರ್ಚು ಸುಮಾರು 1,542 ಕೋಟಿ. ನಾಲ್ಕು ಪಟ್ಟಿಗೂ ಹೆಚ್ಚು. ಕಿಲೋಮೀಟರಿಗೆ ಮೂರೂವರೆ ಕೋಟಿಯೊಳಗೆ ಆಗಬೇಕಾದದ್ದು ಹದಿನಾಲ್ಕು ಕೋಟಿಯಾಯಿತು. ಇದಕ್ಕೆ ಒಬ್ಬರೇ ಕಾರಣರಲ್ಲ, ಒಂದೇ ಕಾರಣವೂ ಇಲ್ಲ. ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ತಡ ಹೇಗಾಗುತ್ತದೆಂದೂ ತಿಳಿಯುತ್ತದೆ.

ಒಂದು ಮಾರ್ಗ ಮಂಜೂರಾಯಿತು ಎಂದರೆ ಹಣ ಬಂತೆಂದು ಅರ್ಥವಲ್ಲ. ಪಟ್ಟಿಯಲ್ಲಿ ಹೆಸರು ಬಂತೆಂದಷ್ಟೇ ಅರ್ಥ. ಹಣ ಬಜೆಟ್ಟಿನಲ್ಲಿ ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬರುತ್ತದೆ. ದೇಶದಲ್ಲಿ ಅಂಥ ನೂರಾರು ಮಾರ್ಗಗಳು ಪಾಲು ಕೇಳುತ್ತ ನಿಂತಿರುತ್ತವೆ. ಒಬ್ಬೊಬ್ಬರ ಕೈಗೂ ಒಂದಿಷ್ಟು ಹಾಕಿ ಕಳಿಸಿದರೆ ಯಾರ ಕೆಲಸವೂ ಮುಗಿಯುವುದಿಲ್ಲ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣ, ಕೂಲಿ ಏರುತ್ತವೆ. ಮುಂದೆ ಕರ್ನಾಟಕ ಸರಕಾರ ಅರ್ಧ ಖರ್ಚು ತಾನು ಕೊಡಲು ಒಪ್ಪಿದ ಮೇಲೆಯೇ ಈ ಮಾರ್ಗಕ್ಕೆ ವೇಗ ಬಂದದ್ದು. ಕರಾವಳಿಗೋ ಬೆಂಗಳೂರಿಗೋ ಇಂಥದ್ದು ಸುದ್ದಿಯಾಗುತ್ತಿತ್ತು. ನಮ್ಮ ಕಡೆ ಅದು ಒಳಪುಟದ ನಾಲ್ಕು ಸಾಲು.

ಎರಡನೆಯದು ನೆಲ. ನಮ್ಮದು ಎರೆಮಣ್ಣು. ತೊಗರಿಗೆ ತಾಯಿ, ಹಳಿಗೆ ಶತ್ರು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆಭೂಮಿಯ ಮೇಲೆ ನೇರವಾಗಿ ಹಳಿ ಹಾಕಿದರೆ ಮೂರು ಮಳೆಗಾಲದಲ್ಲಿ ಅದು ಹಾವಿನಂತೆ ಹೊರಳುತ್ತದೆ. ಬೇರೆ ಮಣ್ಣು ತಂದು, ಪದರು ಪದರಾಗಿ ಹಾಕಿ, ರೋಲರ್ ಹೊಡೆದು ಒಡ್ಡು ಕಟ್ಟಬೇಕು.

ಮೂರನೆಯದು ಆ ಹಳೆಯ ಗುಡ್ಡದ ಸಾಲು. ರೈಲು ಬಸ್ಸಿನಂತೆ ಘಟ್ಟ ಏರಲಾರದು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಜಾರುವುದರಿಂದ ಏರು ಬಹಳ ಸಣ್ಣದಾಗಿರಬೇಕು. ಹಾಗಾಗಿ ಒಂದೋ ಸುತ್ತಿ ಬಳಸಿ ಹೋಗಬೇಕು, ಇಲ್ಲವೇ ಗುಡ್ಡ ಕೊರೆಯಬೇಕು. ಮರಗುತ್ತಿ ಹತ್ತಿರ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದರು. ಹುಮನಾಬಾದಿನವರೆಗಿನ ಬಯಲು ಭಾಗ ಮೊದಲು ಮುಗಿಯಿತು. ಘಟ್ಟದ ಭಾಗಕ್ಕಾಗಿ ಎಲ್ಲರೂ ಕಾಯಬೇಕಾಯಿತು.

ನಾಲ್ಕನೆಯದು ಹೊಲಗಳು. ಒಂದು ಸಲ ಗಾಡಿಯಲ್ಲಿ ಎದುರಿಗೆ ಕೂತಿದ್ದ ರೈತರೊಬ್ಬರು ಕಿಟಕಿಯಿಂದ ಕೈ ತೋರಿಸಿ, "ತಮ್ಮಾ, ಈಗ ದಾಟಿದೆವಲ್ಲ, ಆ ಒಡ್ಡಿನ ಕೆಳಗ ನಮ್ಮ ಹೊಲ ಅದ" ಎಂದರು. ರೊಕ್ಕ ಬಂತೇ ಎಂದು ಕೇಳಿದೆ. "ರೊಕ್ಕ ಬಂತು, ಖರ್ಚೂ ಆಯ್ತು. ಹೊಲ ಎರಡು ತುಂಡಾತು. ಆದರ ಮಗಳು ಕಲಬುರಗ್ಯಾಗ ನರ್ಸಿಂಗ್ ಓದ್ಲತ್ತಾಳ, ಇದೇ ಗಾಡ್ಯಾಗ ಬರ್ತಾಳ." ಅವರ ದನಿಯಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಬೇರ್ಪಡಿಸಲು ಆಗಲಿಲ್ಲ. ಟೇಶನ್ನಿನ ಇತಿಹಾಸ ಬರೆಯುವಾಗ ಮಂಜೂರು ಮಾಡಿದವರ ಹೆಸರು ಬರುತ್ತದೆ, ಹೊಲ ಬಿಟ್ಟವರ ಹೆಸರು ಬರುವುದಿಲ್ಲ. ಆದ್ದರಿಂದ ಈ ಮಾತನ್ನು ಇಲ್ಲಿ ದಾಖಲಿಸಿದ್ದೇನೆ.

2017ರ ಅಕ್ಟೋಬರ್ 29

ಆ ಭಾನುವಾರ ಪ್ರಧಾನಿ ನರೇಂದ್ರ ಮೋದಿ ಬೀದರದಲ್ಲಿ ಮಾರ್ಗವನ್ನು ಉದ್ಘಾಟಿಸಿ ಕಲಬುರಗಿಗೆ ಹೊರಟ ಡೆಮು ರೈಲಿಗೆ ಹಸಿರು ನಿಶಾನೆ ತೋರಿಸಿದರು. ಗುಲ್ಬರ್ಗಾಕ್ಕೆ ಹಳಿ ಬಂದ ಕಾಲಕ್ಕೂ ಈ ದಿನಕ್ಕೂ ನಡುವೆ ಸುಮಾರು 146 ವರ್ಷ. ಅರವತ್ತು ಕಿಲೋಮೀಟರ್ ದಾಟಲು ರೈಲು ತೆಗೆದುಕೊಂಡ ಸಮಯ.

ಡೆಮು ಎಂದರೆ ಪ್ರತ್ಯೇಕ ಎಂಜಿನ್ ಇಲ್ಲದ ಗಾಡಿ. ಡೀಸೆಲ್ಲಿನಿಂದ ವಿದ್ಯುತ್ ತಯಾರಿಸಿ ಆ ವಿದ್ಯುತ್ತಿನಿಂದ ಗಾಲಿ ತಿರುಗಿಸುವ ಯಂತ್ರ ಗಾಡಿಯ ಡಬ್ಬಿಯೊಳಗೇ ಇರುತ್ತದೆ. ಎರಡೂ ತುದಿಗೆ ಚಾಲಕನ ಕೋಣೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ತಿರುಗಿಸುವ ಕೆಲಸವಿಲ್ಲ, ಚಾಲಕ ಈ ತುದಿಯಿಂದ ಇಳಿದು ಆ ತುದಿಗೆ ಹೋದರೆ ಆಯಿತು. ಸಣ್ಣ ಸಣ್ಣ ನಿಲ್ದಾಣಗಳಲ್ಲಿ ನಿಂತು ಹೊರಡಲು, ದಿನಾ ಹೋಗಿ ಬರುವವರಿಗೆ ಹೇಳಿ ಮಾಡಿಸಿದ್ದು.

ಹುಮನಾಬಾದ್ ನಿಲ್ದಾಣ ಊರಿನ ಹೊರಗಿದೆ. ಟಂಟಂ ಹಿಡಿದು ಹೋಗಬೇಕು. ಹಳದಿ ಹಲಗೆಯ ಮೇಲೆ ಊರಿನ ಹೆಸರು, ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರವೆಂಬ ಅಂಕಿ. ಆ ಅಂಕಿಯನ್ನು ಯಾರೂ ನೋಡುವುದಿಲ್ಲ. ಆದರೆ ಈ ಹಳಿ ಯಾಕೆ ತಡವಾಯಿತು ಎಂಬ ಕಥೆಯ ಒಂದು ಭಾಗ ಅದರಲ್ಲೇ ಬರೆದಿದೆ.

ಬೆಳಗಿನ ಗಾಡಿಗೆ ಬರುವವರನ್ನು ನೋಡಬೇಕು. ಡಬ್ಬಿ ಕಟ್ಟಿಕೊಂಡ ಕಾಲೇಜು ಹುಡುಗರು, ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದ ಮುದುಕರು, ಚೀಲದ ತುಂಬ ಕಾಯಿಪಲ್ಯೆ ಹೊತ್ತ ಹೆಂಗಸರು, ಕಪ್ಪು ಕೋಟನ್ನು ಮಡಚಿ ತೋಳ ಮೇಲೆ ಹಾಕಿಕೊಂಡ ವಕೀಲರು. ಸುರಂಗ ಬಂದಾಗ ಮಕ್ಕಳು ಇಂದಿಗೂ ಕೂಗುತ್ತಾರೆ. ಸುರಂಗದಾಚೆ ಕಮಲಾಪುರ. ಆ ಊರಿನ ಕೆಂಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೆಂಟರ ಮನೆಗೆ ಹೋಗುವವರ ಚೀಲದಿಂದ ಅದರ ವಾಸನೆ ಡಬ್ಬಿಯ ತುಂಬ ಹರಡುತ್ತದೆ.

ಆಮೇಲಿನ ವರ್ಷಗಳಲ್ಲಿ ಬೆಂಗಳೂರಿನ ಯಶವಂತಪುರಕ್ಕೆ ಹೋಗುವ ಗಾಡಿಯೂ ಈ ದಾರಿ ಹಿಡಿಯಿತು. ಹುಮನಾಬಾದಿನಲ್ಲಿ ಹತ್ತಿ ರಾಜಧಾನಿಯಲ್ಲಿ ಇಳಿಯಬಹುದು ಎಂಬುದು ನಮ್ಮ ಅಪ್ಪನ ಕಾಲಕ್ಕೆ ಕನಸು.

ಹಳಿ ಬಂದ ಮೇಲಿನ ಮಾತು

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಕಥೆ. ಆದರೆ ಟೇಶನ್ ಬಂದರಷ್ಟೇ ಸಾಲದು, ಬೇಕಾದ ಹೊತ್ತಿಗೆ ಗಾಡಿ ಬರಬೇಕು. ದಿನಾ ಹೋಗಿ ಬರುವವನಿಗೆ ರೈಲು ಎಂದರೆ ಎರಡು ಸಮಯಗಳು: ಬೆಳಿಗ್ಗೆ ಕಚೇರಿ ತೆರೆಯುವ ಮೊದಲು ಮುಟ್ಟಿಸಬೇಕು, ಸಂಜೆ ಮುಚ್ಚಿದ ಮೇಲೆ ಹತ್ತಿಸಿಕೊಳ್ಳಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಅವನು ಬಸ್ಸಿಗೆ ಮರಳುತ್ತಾನೆ.

ಆ ಸಮಯ ಯಾರು ನಿರ್ಧರಿಸುತ್ತಾರೆ? ಬೀದರ ಇರುವುದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ. ಕಲಬುರಗಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಅದರ ವಲಯ ಕಚೇರಿ ಮುಂಬೈ. ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈಋತ್ಯ ರೈಲ್ವೆ 2003ರಲ್ಲಿ ಬಂತು, ಅದರಲ್ಲಿ ಈ ಎರಡೂ ಇಲ್ಲ. ಅಂದರೆ 110 ಕಿಲೋಮೀಟರಿನ ಈ ಹಳಿ ಪೂರ್ತಿ ಕರ್ನಾಟಕದಲ್ಲಿದ್ದರೂ ಅದರ ಎರಡು ತುದಿಗಳು ಎರಡು ಹೊರರಾಜ್ಯಗಳಲ್ಲಿರುವ ಕಚೇರಿಗಳಿಗೆ ಸೇರಿವೆ. 1874ರಲ್ಲಿ ಒಂದು ತುದಿ ಮುಂಬೈ, ಇನ್ನೊಂದು ಹೈದರಾಬಾದ್ ಆಗಿದ್ದದ್ದು ಕಾಗದದ ಮೇಲೆ ಇನ್ನೂ ಹಾಗೇ ಇದೆ. ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಎಂದು 2014ರಲ್ಲಿ, ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ, ಘೋಷಣೆಯಾಯಿತು. ಘೋಷಣೆ ಕಟ್ಟಡವಾಗಿ ನಿಲ್ಲುವುದನ್ನು ಜನ ಕಾಯುತ್ತಲೇ ಇದ್ದಾರೆ. ಇದು ಬರೀ ಗೌರವದ ಪ್ರಶ್ನೆಯಲ್ಲ. ಗಾಡಿಯ ಸಮಯ ಹದಿನೈದು ನಿಮಿಷ ಹಿಂದೆ ಮುಂದೆ ಮಾಡಿಸಲು ಹುಮನಾಬಾದಿನವರು ಅರ್ಜಿ ಹಿಡಿದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ.

2020ರ ಮಾರ್ಚಿನಲ್ಲಿ ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಮುಂದೆ ಒಂದೊಂದಾಗಿ ಮರಳಿದಾಗ ಪ್ಯಾಸೆಂಜರ್ ಗಾಡಿಗಳಿಗೂ ಎಕ್ಸ್‌ಪ್ರೆಸ್ ದರ ಹಾಕಿದರು. ಕನಿಷ್ಠ ಹತ್ತು ರೂಪಾಯಿ ಇದ್ದ ಟಿಕೆಟ್ ಮೂವತ್ತಾಯಿತು. ಹಳೆಯ ದರ ಮರಳಿ ಬಂದದ್ದು 2024ರ ಫೆಬ್ರವರಿ ಕೊನೆಗೆ. ಅದಕ್ಕೆ ಮುಂಚೆ, 2023ರ ಜೂನಿನಲ್ಲಿ, ಶಕ್ತಿ ಯೋಜನೆ ಬಂದಿತ್ತು. ಹೆಂಗಸರಿಗೆ ಸರಕಾರಿ ಬಸ್ಸು ಉಚಿತ. ನಮ್ಮ ಅವ್ವನಿಗೆ ರೈಲೇ ಇಷ್ಟ, ಮೊಣಕಾಲು ನೋವಿಗೆ ಅದು ಹಿತ. ಆದರೂ ಆಕೆ ಬಸ್ಸಿಗೇ ಹೋಗುತ್ತಾಳೆ. "ರೈಲಿಗೆ ರೊಕ್ಕ ಬೇಕು, ಬಸ್ಸಿಗೆ ಆಧಾರ್ ಸಾಕು" ಎನ್ನುತ್ತಾಳೆ. ತಪ್ಪು ಹೇಗೆ ಹೇಳಲಿ? ರೈಲ್ವೆ ಹಡೆದ ಬಸ್ಸು ಈಗ ರೈಲಿನ ಪ್ರಯಾಣಿಕರನ್ನೇ ಸೆಳೆಯುತ್ತಿದೆ. ಮುಂದೆ ಯಾರಾದರೂ ಲೆಕ್ಕ ಹಾಕಿ "ಹುಮನಾಬಾದಿನಲ್ಲಿ ಹತ್ತುವವರು ಕಡಿಮೆ" ಎಂದು ಬರೆದಾರು. 1956ರ ನಂತರ ನಡೆದದ್ದೂ ಇದೇ: ಅನುಕೂಲವಿಲ್ಲದ ಗಾಡಿಗೆ ಜನ ಬರಲಿಲ್ಲ, ಜನ ಬರಲಿಲ್ಲವೆಂದು ಅನುಕೂಲ ಮಾಡಲಿಲ್ಲ. ಹಳೆಯ ತಪ್ಪು ಹೊಸ ಹಳಿಯ ಮೇಲೆ ಮತ್ತೆ ಬರಬಾರದು ಎಂಬುದೇ ನನ್ನ ಕಾಳಜಿ.

ಕಲ್ಯಾಣಕ್ಕೆ ಟಿಕೀಟು

ಬಸವಕಲ್ಯಾಣಕ್ಕೆ ಇಂದಿಗೂ ರೈಲಿಲ್ಲ. ಅಲ್ಲಿಯವರು ಹುಮನಾಬಾದಿಗೋ ಭಾಲ್ಕಿಗೋ ಬಂದು ಗಾಡಿ ಹತ್ತುತ್ತಾರೆ. ಹಳಿ ಬರಲಿಲ್ಲವೆಂದು ಆ ಊರು ಕೈಕಟ್ಟಿ ಕೂರಲಿಲ್ಲ. ಪುಣೆ-ಹೈದರಾಬಾದ್ ಹೆದ್ದಾರಿಯನ್ನೇ ಬಂಡವಾಳ ಮಾಡಿಕೊಂಡಿತು. ಅಲ್ಲಿಯ ಆಟೋ ನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರು, ವೆಲ್ಡಿಂಗ್ ಮಾಡುವವರು, ಪಾಟಾ ಕೂರಿಸುವವರು, ಬಣ್ಣ ಬಳಿಯುವವರು ದೂರದ ರಾಜ್ಯಗಳ ಲಾರಿಗಳನ್ನೂ ತಮ್ಮತ್ತ ಎಳೆದರು. ಏಷ್ಯಾದ ದೊಡ್ಡ ಆಟೋ ನಗರಗಳಲ್ಲಿ ಇದೂ ಒಂದು ಎಂದು ಊರವರು ಎದೆಯುಬ್ಬಿಸಿ ಹೇಳುತ್ತಾರೆ. ರೈಲಿಲ್ಲದ ಊರು ಲಾರಿಯ ಊರಾದದ್ದು ಆಕಸ್ಮಿಕವಲ್ಲ.

ಆದರೆ ಲಾರಿಯಲ್ಲಿ ವಿದ್ಯಾರ್ಥಿಗಳು ಓಡಾಡಲಾರರು, ಬಾಣಂತಿಯರು ಹೋಗಲಾರರು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಅದನ್ನು ನೋಡಲು ನಾಡಿನ ಮೂಲೆ ಮೂಲೆಯಿಂದ ಜನ ಬರಬೇಕೆಂದು ಎಲ್ಲರೂ ಬಯಸುತ್ತಾರೆ. ಬರುವವರು ಹುಮನಾಬಾದಿನಲ್ಲಿ ಇಳಿದು, ಟಂಟಂ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದು, ಬಸ್ಸು ಹತ್ತಿ ಹೋಗಬೇಕು. ಕಲ್ಯಾಣಕ್ಕೆ ಹಳಿ ಬರಲಿ ಎಂಬ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಎದ್ದು ಕೂರುತ್ತದೆ. ಹಳಿ ಬರಲು ಎಷ್ಟು ಕಾಲ ಹಿಡಿಯುತ್ತದೆಂದು ಹುಮನಾಬಾದಿನ ಲೆಕ್ಕ ನಮಗೆ ಕಲಿಸಿದೆ. ಅಲ್ಲಿಯವರೆಗೆ, ಗಾಡಿ ಬರುವ ಹೊತ್ತಿಗೆ ಹುಮನಾಬಾದ್ ಟೇಶನ್ನಿನ ಬಾಗಿಲಿಗೆ ಕಲ್ಯಾಣದ ಬಸ್ಸೊಂದನ್ನು ತಂದು ನಿಲ್ಲಿಸುವುದಕ್ಕೆ ಯಾವ ಸುರಂಗವೂ ಬೇಕಿಲ್ಲ. 1932ರಲ್ಲಿ ನಿಜಾಮರ ರೈಲ್ವೆಗೆ ಹೊಳೆದ ಯೋಚನೆ ಅದು.

ಮುತ್ಯಾನನ್ನು ಹೊಸ ಗಾಡಿಯಲ್ಲಿ ಒಮ್ಮೆ ಕರೆದುಕೊಂಡು ಹೋಗಿದ್ದೆ. ಹುಮನಾಬಾದ್ ಕೌಂಟರಿನ ಮುಂದೆ ನಿಂತು ನನ್ನ ಕಡೆ ನೋಡಿ ನಕ್ಕ. "ಕೇಳಲೇನು, ಕಲ್ಯಾಣಕ್ಕ ಒಂದು ಟಿಕೀಟು?" ಎಂದ. ನಾನು ಬೇಡವೆಂದು ತಲೆಯಾಡಿಸಿ ಕಲಬುರಗಿಗೆ ಎರಡು ತೆಗೆದೆ. ಗಾಡಿ ಸುರಂಗ ದಾಟುವವರೆಗೂ ಆತ ಮಾತಾಡಲಿಲ್ಲ. ದಾಟಿದ ಮೇಲೆ, "ಗುಡ್ಡ ಇಷ್ಟ ಇತ್ತೇನು?" ಎಂದು ಕೇಳಿದ.